ದಣಪೆ ದಾಟದ ಇಂಟರ್ನೆಟ್ಟು

ನಮ್ಮ ದೇಶದ ಇಂಟರ್ನೆಟ್ಟಿಗೂ ಆಗಸ್ಟ್ 15ಕ್ಕೂ ಏನೋ ಋಣಾನುಬಂಧ ಇದ್ದಂತಿದೆ. ವಿಎಸ್‌ಎನ್‌ಎಲ್‌ನವರು ಜನಸಾಮಾನ್ಯರಿಗೆ ಇಂಟರ್ನೆಟ್ಟಿನ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು. ಆ ಜನಸಾಮಾನ್ಯರು ಎಷ್ಟು ಸಾಮಾನ್ಯರಾಗಿರಬೇಕಿತ್ತು ಅಂತ ಕೇಳಿ: ಸೆಕೆಂಡಿಗೆ 9.6 ಕಿಲೋಬಿಟ್ ವೇಗದ ಸಂಪರ್ಕ, 250 ಗಂಟೆಗೆ 5,000 ರೂಪಾಯಿ. ಫೋನ್ ಬಿಲ್ಲು ಬೇರೆ. ಗಂಟೆಗೆ 20, ಮೂರು ನಿಮಿಷಕ್ಕೆ ಒಂದು ರೂಪಾಯಿ ಬಿತ್ತಲ್ಲ. ನಮ್ಮ ಭಾವ ದಿನಾ ಬೆಳಿಗ್ಗೆ ಐದೂವರೆಗೆ ಎದ್ದು, ಮುಖ ತೊಳೆಯುವುದಕ್ಕೆ ಮುಂಚೆಯೇ, ಕುಟುಂಬದ ಗ್ರೂಪಿಗೆ ಒಂದು ಗುಲಾಬಿ ಹೂವಿನ ಫೋಟೋ ಹಾಕಿ ಶುಭೋದಯ ಹೇಳುತ್ತಾನೆ. ಈಗಿನ ಫೋನಿನಲ್ಲಿ ತೆಗೆದ ಮೂರು ಎಂಬಿಯ ಆ ಫೋಟೋ 1995ರ ತಂತಿಯಲ್ಲಿ ಹೋಗಬೇಕಾದರೆ 40 ನಿಮಿಷ ಬೇಕಿತ್ತು. ಒಂದು ಗುಲಾಬಿಗೆ 13 ರೂಪಾಯಿ! ಆ ರೇಟು ಹಾಗೇ ಉಳಿದಿದ್ದರೆ ಎಷ್ಟೋ ಕುಟುಂಬಗಳ ಬೆಳಗಿನ ನೆಮ್ಮದಿಯೂ ಉಳಿಯುತ್ತಿತ್ತು ಅಂತ ನಾನಂದರೆ ಅಕ್ಕನಿಗೆ ಸಿಟ್ಟು.

ಅಲ್ಲಿಂದ ಸರಿಯಾಗಿ 25 ವರ್ಷಕ್ಕೆ, 2020ರ ಆಗಸ್ಟ್ 15ರಂದು, ಕೆಂಪುಕೋಟೆಯ ಮೇಲೆ ನಿಂತು ಪ್ರಧಾನಿಯವರು ದೇಶದ ಆರು ಲಕ್ಷ ಹಳ್ಳಿಗಳಿಗೂ ಸಾವಿರ ದಿನದೊಳಗೆ ಆಪ್ಟಿಕಲ್ ಫೈಬರ್ ತಲುಪಿಸುತ್ತೇವೆ ಅಂದರು. ಭಾವ ಅವತ್ತೇ ಗೋಡೆಯ ಕ್ಯಾಲೆಂಡರು ಇಳಿಸಿಕೊಂಡು ಲೆಕ್ಕಕ್ಕೆ ಕೂತ. 2023ರ ಮೇ ತಿಂಗಳ ನಡುವಿಗೆ ಸಾವಿರ ತುಂಬಿತು. "ಸಹಸ್ರ ಚಂದ್ರ ದರ್ಶನ ಅಂತ ಶಾಂತಿ ಮಾಡಿಸ್ತೇವಲ್ಲ, ಹಾಗೆ ಇದಕ್ಕೊಂದು ಸಹಸ್ರ ದಿನ ಶಾಂತಿ ಮಾಡಿಸಿಬಿಡೋಣ ಮಾರಾಯ" ಅಂದ. ಶಾಂತಿಯನ್ನು ಕೊನೆಗೆ ದೆಹಲಿಯವರೇ ಮಾಡಿಸಿದರು. ಆ ವರ್ಷದ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಅದೇ ಕೆಲಸಕ್ಕೆ 1,39,579 ಕೋಟಿ ರೂಪಾಯಿಯ ತಿದ್ದಿದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದಕ್ಷಿಣೆ ಜೋರೇ ಆಯಿತು.

ಕಾಯುವುದು ನಮ್ಮ ತಲೆಮಾರಿಗೆ ಹೊಸದಲ್ಲ ಬಿಡಿ. ಟೆಲಿಫೋನಿಗೆ ಅರ್ಜಿ ಹಾಕಿ, ಅದು ಬರುವ ಹೊತ್ತಿಗೆ ಮಕ್ಕಳ ಓದು ಮುಗಿದು ಮದುವೆಯಾಗಿ ಮೊಮ್ಮಕ್ಕಳು ಬಂದು ರಿಸೀವರು ಎತ್ತಿದ ಮನೆಗಳನ್ನು ನಾನು ಬಲ್ಲೆ. ಹಾಗಂತ ನಮ್ಮ ರಾಜ್ಯ ಯಾವಾಗಲೂ ಹಿಂದೆಯೇ ಇತ್ತು ಅಂದುಕೊಳ್ಳಬೇಡಿ. ಸರಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ಹಳ್ಳಿಗಾಡಿಗೆಂದೇ ತಯಾರಿಸಿದ 128 ಲೈನಿನ ಸಣ್ಣ ಎಕ್ಸ್‌ಚೇಂಜು ಮೊದಲು ಕೂತದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಎ.ಸಿ. ಕೋಣೆ ಬೇಡ, ಧೂಳಿಗೆ ಜಗ್ಗುವುದಿಲ್ಲ, ಸೆಕೆಗೆ ಬಗ್ಗುವುದಿಲ್ಲ. ಹಳ್ಳಿಯ ಧೂಳನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಂಡು ಆಮೇಲೆ ಯಂತ್ರ ಮಾಡಿದವರು ಅವರು. ಈಗಿನವರು ಯಂತ್ರ ತಂದಿಟ್ಟು, ಆಮೇಲೆ ಹಳ್ಳಿ ಎಲ್ಲಿದೆ ಅಂತ ಹುಡುಕುತ್ತಾರೆ. ಈ ಮಾತಿಗೆ ಆಮೇಲೆ ಬರುತ್ತೇನೆ.

ಡಯಲ್‌ಅಪ್ ಕಾಲದ ಕಥೆ ನಿಮಗೂ ಗೊತ್ತು. ಮೋಡೆಮ್ಮು ಕೀಂಯ್ ಕರ್ರ್ ಅಂತ ಅರಚಿಕೊಂಡು, ಅಂತೂ ಕನೆಕ್ಟ್ ಆಯಿತು ಅನ್ನುವಷ್ಟರಲ್ಲಿ ಒಳಕೋಣೆಯಲ್ಲಿ ಅಜ್ಜಿ ಮತ್ತೊಂದು ಫೋನು ಎತ್ತಿ "ಹಲೋ, ಯಾರದು?" ಅಂದರೆ ಎಲ್ಲ ಹೋಯಿತು. ಅಮೆರಿಕದ ಸರ್ವರಿಗೆ ನಮ್ಮಜ್ಜಿ ಅಷ್ಟೂ ವರ್ಷ ಎಷ್ಟು ಸಲ ಹಲೋ ಅಂದಿದ್ದಾರೋ ಲೆಕ್ಕವಿಲ್ಲ.

2004ರಲ್ಲಿ ಸರಕಾರ ಬ್ರಾಡ್‌ಬ್ಯಾಂಡ್ ನೀತಿ ತಂದಿತು. ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದು ಬ್ರಾಡ್‌ಬ್ಯಾಂಡು ಅಂತ ತೀರ್ಮಾನವಾಯಿತು. 2010ರೊಳಗೆ 2 ಕೋಟಿ ಸಂಪರ್ಕ ಕೊಡುತ್ತೇವೆ ಅಂದರು. 2010 ಮುಗಿದಾಗ ಇದ್ದದ್ದು ಸುಮಾರು 1.1 ಕೋಟಿ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನಾನು ಮೇಷ್ಟ್ರಾಗಿದ್ದವನು, ನನ್ನ ಲೆಕ್ಕದಲ್ಲಿ ಇದು ಸೆಕೆಂಡ್ ಕ್ಲಾಸ್ ಪಾಸು. ಆದ್ದರಿಂದ ಹೆಚ್ಚು ಬೈಯುವುದಿಲ್ಲ. ಮುಂದೆ ಆ 256 ಅನ್ನುವುದು 2013ರಲ್ಲಿ 512 ಆಯಿತು, 2023ರಲ್ಲಿ 2 ಎಂಬಿಪಿಎಸ್ ಆಯಿತು. ಬ್ರಾಡ್‌ಬ್ಯಾಂಡು ನಮ್ಮ ಮನೆಗೆ ಬರುವುದಕ್ಕೆ ಮೊದಲೇ ಕಾಗದದ ಮೇಲೆ ಎಂಟು ಪಟ್ಟು ಬೆಳೆದುಬಿಟ್ಟಿತು.

ಆ ಕಾಲದ್ದೇ ಒಂದು ಸ್ವಾರಸ್ಯ ಹೇಳದೆ ಮುಂದೆ ಹೋಗಲಾರೆ. ಬಿಎಸ್‌ಎನ್‌ಎಲ್‌ನವರು 2005ರಲ್ಲಿ ಡೇಟಾವನ್ ಶುರು ಮಾಡಿದರಲ್ಲ, ಅದರ ಪ್ಲಾನುಗಳಲ್ಲಿ ತಿಂಗಳಿಗೆ ಇಂತಿಷ್ಟೇ ಅಂತ ಮಿತಿ ಇರುತ್ತಿತ್ತು. ಮೀರಿದರೆ ಬಿಲ್ಲು ನೋಡಿ ಅಪ್ಪಂದಿರು ಕುರ್ಚಿ ಹಿಡಿದುಕೊಳ್ಳಬೇಕು. ಆದರೆ ಕೆಲವು ಪ್ಲಾನುಗಳಲ್ಲಿ ಒಂದು ದಯೆ ಇತ್ತು: ರಾತ್ರಿ 2ರಿಂದ ಬೆಳಿಗ್ಗೆ 8ರ ತನಕ ಎಷ್ಟು ಬಳಸಿದರೂ ಲೆಕ್ಕವಿಲ್ಲ. ಅಲ್ಲಿಂದ ಶುರುವಾಯಿತು ನೋಡಿ, ಊರೂರಲ್ಲಿ ಗಂಡುಮಕ್ಕಳು ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಏಳುವುದು! ತಾಯಂದಿರಿಗೆ ಕರುಳು ಚುರುಕ್ ಅನ್ನುತ್ತಿತ್ತು, "ಪಾಪ, ಸಿಇಟಿಗೆ ಓದ್ತಿದಾನೆ" ಅಂತ ಫ್ಲಾಸ್ಕಿನಲ್ಲಿ ಹಾಲು ಇಟ್ಟು ಮಲಗುತ್ತಿದ್ದರು. ಹುಡುಗ ಡೌನ್‌ಲೋಡ್ ಹಾಕಿ, ಕಂಪ್ಯೂಟರಿನ ಪರದೆ ಮಾತ್ರ ಆರಿಸಿ, ಹಾಲು ಕುಡಿದು ಮಲಗುತ್ತಿದ್ದ. ಬ್ರಾಹ್ಮೀ ಮುಹೂರ್ತಕ್ಕೆ ಈ ದೇಶದಲ್ಲಿ ಅಷ್ಟು ಯುವಕರನ್ನು ಎಬ್ಬಿಸಿದ ಗುರುಗಳು ಯಾವ ಆಶ್ರಮದಲ್ಲೂ ಇರಲಿಲ್ಲ.

ಈಗ ರೇಟಿನ ಮಾತಿಗೆ ಬರೋಣ. ಮೊನ್ನೆ ಬೆಂಗಳೂರಿನ ಮಗನ ಮನೆಗೆ ಹೋಗಿದ್ದೆ. ಅವನ ಅಪಾರ್ಟ್‌ಮೆಂಟಿನ ಲಿಫ್ಟಿನ ಹತ್ತಿರ ಮೂರು ಕಂಪನಿಯ ಹುಡುಗರು ಮೂರು ಬಣ್ಣದ ಟೀ ಶರ್ಟು ಹಾಕಿಕೊಂಡು ನಿಂತಿದ್ದಾರೆ. "ಅಂಕಲ್, ಇನ್‌ಸ್ಟಲೇಶನ್ ಫ್ರೀ, ರೂಟರ್ ಫ್ರೀ, ಮೊದಲ ತಿಂಗಳು ಫ್ರೀ" ಅನ್ನುತ್ತಾರೆ. ತಿಂಗಳಿಗೆ 399 ರೂಪಾಯಿಯಿಂದ ಶುರು, ಜಿಎಸ್‌ಟಿ ಸೇರಿ 471, ವೇಗ 30 ಎಂಬಿಪಿಎಸ್. 1995ರ ತಂತಿಗಿಂತ ಮೂರು ಸಾವಿರ ಪಟ್ಟು ಮಿಕ್ಕಿದ ವೇಗ! ಇಷ್ಟು ಅಗ್ಗಕ್ಕೆ ಬೆಂಗಳೂರಿನಲ್ಲಿ ಎರಡು ಸಲ ಮಸಾಲೆ ದೋಸೆಯೂ ಮನೆಮಂದಿಗೆಲ್ಲ ಆಗುವುದಿಲ್ಲ. ಮಗ ಮಾತ್ರ ಸೋಫಾದ ಮೇಲೆ ಕೂತು "ಛೇ, ಸಂಜೆ ಹೊತ್ತು ಸ್ಲೋ ಆಗುತ್ತೆ ಅಪ್ಪಾ" ಅಂತ ಗೋಳಾಡುತ್ತಿದ್ದ. ಆಗುತ್ತದೆ. ಆ ಗಾಜಿನ ಎಳೆಯೊಂದರಲ್ಲಿ ಬರುವ 2.5 ಗಿಗಾಬಿಟ್ಟನ್ನು ಸ್ಪ್ಲಿಟರ್ ಡಬ್ಬಿಯಲ್ಲಿ 32 ಮನೆಗೋ 64 ಮನೆಗೋ ಹಂಚಿರುತ್ತಾರೆ. ರಾತ್ರಿ ಒಂಬತ್ತಕ್ಕೆ ಅಷ್ಟೂ ಮನೆಯವರು ಒಟ್ಟಿಗೆ ಕ್ರಿಕೆಟ್ಟು ಹಾಕಿಕೊಂಡರೆ ಯಾರಿಗೆ ಎಷ್ಟು ಸಿಗಬೇಕು? ನಾನು ಅವನಿಗೆ ಅಜ್ಜಿಯ ಹಲೋ ಕಥೆ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ, ಕಿವಿಯಲ್ಲಿ ಇಯರ್‌ಬಡ್ಸ್ ಇತ್ತು.

ಆ ಅಪಾರ್ಟ್‌ಮೆಂಟಿನ ಹಿಂದಿನ ಗಲ್ಲಿಗೆ ಮಾತ್ರ ಹೋಗಿ ನೋಡಿ. ತಲೆಯೆತ್ತಿದರೆ ಆಕಾಶ ಕಾಣುವುದಿಲ್ಲ, ಕಪ್ಪು ವಯರು ಕಾಣುತ್ತದೆ. ಹೊಂಗೆ ಮರಕ್ಕೆ ಸುತ್ತಿ, ಬೆಸ್ಕಾಂ ಕಂಬಕ್ಕೆ ಬಿಗಿದು, ಉಳಿದದ್ದನ್ನು ಸಿಂಬೆ ಸುತ್ತಿ ಅಲ್ಲೇ ನೇತುಹಾಕಿರುತ್ತಾರೆ. ಆಗಾಗ ಪಾಲಿಕೆಯವರೋ ಬೆಸ್ಕಾಂನವರೋ ಬಂದು ಕತ್ತರಿಸಿ ಹಾಕುತ್ತಾರೆ. ರಾತ್ರಿಯೊಳಗೆ ಮತ್ತೆ ಹಬ್ಬಿರುತ್ತದೆ. ಏಕೆ ಹೀಗೆ ಅಂದರೆ, ನೆಲ ಅಗೆದು ಹೂಳಬೇಕಾದರೆ ಅನುಮತಿ ಬೇಕು, ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು, ತಿಂಗಳುಗಟ್ಟಲೆ ಕಾಯಬೇಕು. ಮರಕ್ಕೆ ಕಟ್ಟುವುದಾದರೆ ಒಂದು ಏಣಿ ಸಾಕು. ಕೇಬಲ್ ಹಾಯಿಸುವ ದಾರಿಯ ಹಕ್ಕಿಗೆ 2016ರಲ್ಲಿ ನಿಯಮ ಬಂತು, 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು, 2025ರ ಜನವರಿ 1ರಿಂದ ಮತ್ತೆ ಹೊಸ ನಿಯಮ ಜಾರಿಯಾಯಿತು. ಹೊಂಗೆ ಮರಕ್ಕೆ ಇದ್ಯಾವುದೂ ಇನ್ನೂ ತಿಳಿದಂತಿಲ್ಲ.

ಕಷ್ಟಪಟ್ಟು ಹೂತ ಕೇಬಲ್ಲಿನ ಕಥೆ ಇನ್ನೂ ಸೊಗಸು. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಕಡೆ ಫೈಬರ್ ತುಂಡಾಗುತ್ತದೆ, 3,000 ಕೋಟಿ ರೂಪಾಯಿ ನಷ್ಟ ಅಂತ ಸರಕಾರವೇ ಹೇಳಿತ್ತು. ಅಪರಾಧಿ ಯಾರೆಂದು ನಿಮಗೆ ಗೊತ್ತು, ಹಳದಿ ಬಣ್ಣ, ಮುಂದೊಂದು ಬಕೆಟ್ಟು ಹಿಂದೊಂದು ಬಕೆಟ್ಟು. ಕೊಳವೆಯವರು ಅಗೆದಾಗ ವಯರು, ವಯರಿನವರು ಅಗೆದಾಗ ಕೊಳವೆ, ಇಬ್ಬರೂ ಅಗೆದ ಮೇಲೆ ರಸ್ತೆ. ಇದನ್ನು ತಪ್ಪಿಸುವುದಕ್ಕೆ 2023ರ ಮಾರ್ಚಿನಲ್ಲಿ ಒಂದು ಆಪ್ ಬಂತು: ಅಗೆಯುವ ಮುಂಚೆ ಫೋನಿನಲ್ಲಿ ನೋಡಿ, ಕೆಳಗೆ ಯಾರದೇನು ಹೂತಿದೆ ಅಂತ ತಿಳಿದುಕೊಂಡು ಅಗೆಯಬೇಕಂತೆ. ನಮ್ಮೂರ ಜೆಸಿಬಿ ಡ್ರೈವರಿಗೆ ಹೇಳಿದೆ. "ಆಪ್ ತೆಗೀಲಿಕ್ಕೆ ನೆಟ್ ಬೇಕಲ್ಲ ಮೇಷ್ಟ್ರೇ. ನೆಟ್ ಈಗಷ್ಟೇ ಹೋಯ್ತು" ಅಂದ. ಏಕೆ ಹೋಯಿತು ಅಂತ ನಾನು ಕೇಳಲಿಲ್ಲ, ಅವನ ಬಕೆಟ್ಟಿನಲ್ಲೇ ನೇತಾಡುತ್ತಿತ್ತು.

ಹಾಗಾಗಿ ಇಂಟರ್ನೆಟ್ಟಿನ ಬೆಲೆ ಅಂದರೆ 399ಓ 499ಓ ಅಂತ ಜಾಹೀರಾತು ನೋಡಿ ಹೇಳುವವರನ್ನು ಕಂಡರೆ ನನಗೆ ನಗು. ಅದು ಬಿಲ್ಲು ಅಷ್ಟೇ. ಬೆಲೆ ಇರುವುದು ರಸ್ತೆಯಿಂದ ಮನೆಯ ದಣಪೆಯವರೆಗಿನ ದೂರದಲ್ಲಿ. ಆ ದೂರಕ್ಕೆ ಯಾರೂ ಯಜಮಾನರಿಲ್ಲ. ಕಂಪನಿ ಲಾಭ ಇಲ್ಲ ಅನ್ನುತ್ತದೆ, ಸರಕಾರ ಪಂಚಾಯತಿವರೆಗೆ ತಂದಿದ್ದೇವೆ ಅನ್ನುತ್ತದೆ. ಉಳಿದದ್ದು ನಮ್ಮ ಹಣೆಬರಹದ ಬಾಬ್ತು.

ಮಲೆನಾಡಿನಲ್ಲಿ ಮನೆಗಳು ಹೇಗಿರುತ್ತವೆ ಅಂತ ಬಯಲುಸೀಮೆಯವರಿಗೆ ಹೇಳಬೇಕು. ಊರು ಅಂದರೆ ಓಣಿ, ಓಣಿಯ ಎರಡೂ ಬದಿ ಮನೆ, ನಡುವೆ ಅರಳಿಕಟ್ಟೆ ಅಂತ ನೀವು ತಿಳಿದಿರುತ್ತೀರಿ. ನಮ್ಮಲ್ಲಿ ಹಾಗಲ್ಲ. ಈ ಗುಡ್ಡದ ಬುಡಕ್ಕೊಂದು ಮನೆ, ಆಚೆ ಕಣಿವೆಯಲ್ಲೊಂದು ಮನೆ, ನಡುವೆ ತೋಟ, ಹಳ್ಳ, ಬೇಣ, ಕಾಡು. ಪಕ್ಕದ ಮನೆಯವರನ್ನು ಕರೆಯಬೇಕಾದರೆ ಕೂ ಹಾಕಬೇಕು. ಅಪಾರ್ಟ್‌ಮೆಂಟಿನಲ್ಲಿ ಒಂದು ಕಿಲೋಮೀಟರ್ ಕೇಬಲ್ ಎಳೆದರೆ ಇನ್ನೂರು ಗಿರಾಕಿ ಸಿಗುತ್ತಾರೆ. ಇಲ್ಲಿ ಒಂದು ಕಿಲೋಮೀಟರಿಗೆ ಸಿಗುವುದು ಒಬ್ಬ ಗಿರಾಕಿ, ಎರಡು ನಾಯಿ, ಮತ್ತು ಎಷ್ಟು ಬೇಕಾದರೂ ಮಂಗ. ಗಾಜಿನ ಎಳೆಗೆ ದೂರದ ಬಗ್ಗೆ ತಕರಾರೇ ಇಲ್ಲ. ಈ ಮನೆಮನೆಯ ಫೈಬರಿನಲ್ಲಿ ಬೆಳಕು 20 ಕಿಲೋಮೀಟರ್ ತನಕ ನಡುವೆ ಯಾವ ಯಂತ್ರದ ಹಂಗೂ ಇಲ್ಲದೆ ಹೋಗುತ್ತದೆ. ತಕರಾರು ಇರುವುದೆಲ್ಲ ಮನುಷ್ಯರಿಗೆ. ರಸ್ತೆ ಲೋಕೋಪಯೋಗಿಯವರದ್ದು, ಚರಂಡಿ ಪಂಚಾಯತಿಯದ್ದು, ಕಂಬ ಮೆಸ್ಕಾಂನದ್ದು, ಆಚೆ ಬದಿಯ ಮರ ಅರಣ್ಯ ಇಲಾಖೆಯದ್ದು, ಈಚೆ ಬದಿಯ ತೋಟ ದಾಯಾದಿಯದ್ದು. ಮೊದಲ ನಾಲ್ವರನ್ನು ಅರ್ಜಿ ಬರೆದು ಒಲಿಸಬಹುದು. ಐದನೆಯವನು ಕಷ್ಟ. ಭಾವನ ಮನೆಗೆ ಕೇಬಲ್ ಎಳೆಯುವಾಗ ನಡುವಿನ ತೋಟದ ದಾಯಾದಿ ಅಡ್ಡ ನಿಂತ. ಬೇಲಿಯ ವಿಷಯದಲ್ಲಿ ಎರಡು ತಲೆಮಾರಿನಿಂದ ಮಾತಿಲ್ಲ. ಹಿರಿಯರೆಲ್ಲ ಕೂತು, ಕವಳ ಹಾಕಿ, ಕೊನೆಗೆ ಒಪ್ಪಂದವಾಯಿತು: ವಯರು ತೋಟದ ಮೇಲೆ ಹೋಗಲಿ, ಪಾಸ್‌ವರ್ಡು ಅವನಿಗೂ ಕೊಡತಕ್ಕದ್ದು. ಈಗಲೂ ಮಾತಿಲ್ಲ, ಆದರೆ ಇಬ್ಬರೂ ಒಂದೇ ವೈಫೈಯಲ್ಲಿದ್ದಾರೆ. ಕೋರ್ಟು ಮಾಡಲಾಗದ್ದನ್ನು ರೂಟರು ಮಾಡಿತು.

ಪಂಚಾಯತಿವರೆಗೆ ಬಂದ ಫೈಬರಿನ ಕಥೆ ಕೇಳಿ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಂದು ಯೋಜನೆಗೆ ಒಪ್ಪಿತು: ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಫೈಬರ್, ಖರ್ಚು ಸುಮಾರು 20,000 ಕೋಟಿ, ಅವಧಿ ಎರಡು ವರ್ಷ. ಎರಡು ವರ್ಷ ಎರಡು ಸಲ ಮುಗಿದ ಮೇಲೆ 2015ರಲ್ಲಿ ಅದಕ್ಕೆ ಭಾರತ್‌ನೆಟ್ ಅಂತ ಹೊಸ ಹೆಸರು ಬಂತು. ನಮ್ಮಲ್ಲಿ ಮಗುವಿಗೆ ರಚ್ಚೆ ಜಾಸ್ತಿಯಾದರೆ ಹೆಸರು ಬದಲಾಯಿಸುವ ರೂಢಿ ಇದೆ, ಗುಣವಾಗುವುದೂ ಉಂಟು. ಮೊದಲ ಒಂದು ಲಕ್ಷ ಪಂಚಾಯತಿ ಮುಗಿಯುವಾಗ 2017ರ ಡಿಸೆಂಬರ್. ಈಗ ಎರಡು ಲಕ್ಷಕ್ಕೂ ಹೆಚ್ಚು ಪಂಚಾಯತಿಗಳು ಸೇವೆಗೆ ಸಿದ್ಧ ಅಂತ ಲೆಕ್ಕದಲ್ಲಿವೆ. ನಮ್ಮ ಪಂಚಾಯತಿಯೂ ಅದರಲ್ಲಿದೆ. ಪಿಡಿಒ ಕೋಣೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಇದೆ, ಅದಕ್ಕೆ ಬೀಗ ಇದೆ, ಮೇಲೊಂದು ಹೂಕುಂಡವೂ ಇದೆ. ಅಲ್ಲಿಂದ ಮನೆಗಳಿಗೆ ಏನಾದರೂ ಬರುತ್ತದೋ ಅಂತ ಕೇಳಿದರೆ "ಅದು ನಮ್ಮ ಸ್ಕೀಮಿನಲ್ಲಿ ಬರೋದಿಲ್ಲ ಸಾರ್" ಅಂತ ವಿನಯದಿಂದ ಹೇಳುತ್ತಾರೆ. ಊರಿಗೆ ಓವರ್‌ಹೆಡ್ ಟ್ಯಾಂಕು ಕಟ್ಟಿಸಿ, ಬಣ್ಣ ಬಳಿಸಿ, ಉದ್ಘಾಟನೆ ಮಾಡಿಸಿ, ನಲ್ಲಿ ಹಾಕಿಸುವುದನ್ನು ಮಾತ್ರ ಬಿಟ್ಟ ಹಾಗಾಯಿತು. ಈ ದುಡ್ಡು ಬರುವುದಾದರೂ ಎಲ್ಲಿಂದ? ಟೆಲಿಕಾಂ ಕಂಪನಿಗಳ ಆದಾಯದಲ್ಲಿ ನೂರಕ್ಕೆ ಐದರಂತೆ ಹಳ್ಳಿಗಳ ಹೆಸರಲ್ಲಿ ಒಂದು ನಿಧಿಗೆ ಹೋಗುತ್ತದೆ. ಅವರ ಆದಾಯ ಅಂದರೆ ನಾವು ಕಟ್ಟುವ ಬಿಲ್ಲು. ನಲ್ಲಿ ಇಲ್ಲದ ಟ್ಯಾಂಕಿಗೆ ತಿಂಗಳು ತಿಂಗಳೂ ನೀರಿನ ಕರ ಕಟ್ಟುತ್ತಿದ್ದೇವೆ.

ಹಾಗಾದರೆ ನಮ್ಮ ಕಡೆ ಮನೆಗಳಿಗೆ ಫೈಬರ್ ಬಂದೇ ಇಲ್ಲವೋ ಅಂದರೆ, ಬಂದಿದೆ. ತಂದವನು ಕೇಬಲ್ ಟೀವಿಯ ಹುಡುಗ. ದೊಡ್ಡ ಕಂಪನಿಯ ಜೊತೆ ಆದಾಯದಲ್ಲಿ ಪಾಲು ಅಂತ ಮಾಡಿಕೊಂಡು, ತನ್ನ ಕೈಯಿಂದ ದುಡ್ಡು ಹಾಕಿ, ಒಂದು ಹಳೇ ಬೈಕು, ಒಂದು ಏಣಿ, ಒಂದು ಸ್ಪ್ಲೈಸಿಂಗ್ ಯಂತ್ರ ಇಟ್ಟುಕೊಂಡು ಗುಡ್ಡ ಹತ್ತಿಳಿಯುತ್ತಾನೆ. ಕಂಬ ಇಲ್ಲದ ಕಡೆ ಅಡಿಕೆ ಮರವೇ ಕಂಬ. ದೂರದ ಮನೆಯಾದರೆ ಕೇಬಲ್ಲಿನ ದುಡ್ಡು ಮನೆಯವರದ್ದೇ. ಮೀಟರಿಗೆ ಇಷ್ಟು, ಬಾಕ್ಸಿಗೆ ಇಷ್ಟು, ಮರ ಹತ್ತಿದವನ ಕೂಲಿ ಇಷ್ಟು. ಬೆಂಗಳೂರಿನ ಮಗನಿಗೆ ಎಲ್ಲವೂ ಫ್ರೀ ಅಂದ ಹುಡುಗರು ನೆನಪಿದ್ದಾರಲ್ಲ? ಅದೇ ಸಂಪರ್ಕ ಹಾಕಿಸಿಕೊಳ್ಳಲು ಕಣಿವೆಯ ಮನೆಯವರು ಒಂದು ಕ್ವಿಂಟಲ್ ಅಡಿಕೆಯ ದುಡ್ಡನ್ನೇ ಮುರಿದದ್ದುಂಟು. ಕಡಿಮೆ ಇರುವವನಿಗೆ ಜಾಸ್ತಿ ರೇಟು ಅನ್ನುವುದು ಈ ವ್ಯಾಪಾರದ ಮೂಲ ಸೂತ್ರ.

ಇನ್ನು ಮಳೆಗಾಲ. ಜೂನ್ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ದೇವರ ದೀಪಕ್ಕಿಂತ ಹೆಚ್ಚು ಭಕ್ತಿಯಿಂದ ನೋಡುವ ದೀಪ ಇನ್ನೊಂದಿದೆ. ಮೋಡೆಮ್ಮಿನ ಹಸಿರು ದೀಪ. ಅದು ಆರಿ ಪಕ್ಕದ ಕೆಂಪು ದೀಪ ಮಿಣಕ್ ಮಿಣಕ್ ಅಂದಿತೋ, ಎಲ್ಲೋ ಕಟ್ ಆಯಿತು ಅಂತ ಅರ್ಥ. ಹುಡುಗನಿಗೆ ಫೋನು ಮಾಡಬೇಕು. ಫೋನು ಮಾಡಲು ಸಿಗ್ನಲ್ ಬೇಕು. ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು. ಹತ್ತಿದರೆ ಅಲ್ಲಿ ಭಾವ ಮೊದಲೇ ಕೊಡೆ ಹಿಡಿದು ನಿಂತಿರುತ್ತಾನೆ.

"ನಿಂದೂ ಕೆಂಪಾ?"

"ಕೆಂಪು. ನಿಂದು?"

"ನಿನ್ನೆಯಿಂದ ಕೆಂಪು. ದಾಯಾದಿ ಬೇರೆ ಬೇಲಿಯಾಚೆ ನಿಂತು ನನ್ನನ್ನೇ ನುಂಗೋ ಹಾಗೆ ನೋಡ್ತಿದಾನೆ, ನಾನೇ ಪಾಸ್‌ವರ್ಡ್ ಬದಲು ಮಾಡಿದ್ದು ಅಂತ."

ಹುಡುಗ ಫೋನು ಎತ್ತುತ್ತಾನೆ. "ಮೇಷ್ಟ್ರೇ, ಮರ ಬಿದ್ದಿದೆ, ಎಲ್ಲಿ ಅಂತ ಹುಡುಕ್ತಾ ಇದೇನೆ. ಅದಲ್ಲದೆ ಇನ್ನೊಂದು ಕಡೆ ಮಂಗ ಜೋಕಾಲಿ ಆಡಿದೆ." ಆ ಗಾಜಿನ ಎಳೆ ಹೆಚ್ಚುಕಡಿಮೆ ತಲೆಗೂದಲಿನಷ್ಟೇ ಸಪೂರ. ಬೆಳಕು ಓಡುವ ನಡುವಿನ ತಿರುಳು ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿನಷ್ಟು. ಸುರಿಯುವ ಮಳೆಯಲ್ಲಿ, ಇಂಬಳದ ನಡುವೆ ಕೂತು, ತಲೆಯ ಮೇಲೆ ಪ್ಲಾಸ್ಟಿಕ್ ಹೊದ್ದು, ಆ ಎರಡು ತುದಿಯನ್ನು ಎದುರುಬದುರು ಹಿಡಿದು ಬೆಸೆಯುತ್ತಾನಲ್ಲ, ಅವನನ್ನು ನೋಡಿದ ಮೇಲೆ ನಾನು ಬಿಲ್ಲಿನಲ್ಲಿ ಚೌಕಾಸಿ ಮಾಡುವುದನ್ನು ಬಿಟ್ಟಿದ್ದೇನೆ. ನಮ್ಮೂರಲ್ಲಿ ಈಗ ಮದುವೆಯ ಮೊದಲ ಕರೆಯೋಲೆ ದೇವಸ್ಥಾನಕ್ಕೆ, ಎರಡನೆಯದು ಕೇಬಲ್ ಹುಡುಗನಿಗೆ. ಊಟಕ್ಕೆ ಕೂತರೆ ಅವನ ಎಲೆಗೆ ಹೋಳಿಗೆ ಜಾಸ್ತಿ. ಹೋಳಿಗೆಯ ಋಣ ಮಳೆಗಾಲದಲ್ಲಿ ತೀರುತ್ತದೆ.

ಕರೆಂಟು ಹೋದರೆ ಇನ್ನೊಂದು ಪಾಡು. ಹಳೆಯ ತಾಮ್ರದ ತಂತಿಯ ಫೋನಿಗೆ ಮನೆಯ ಕರೆಂಟು ಬೇಡವಾಗಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟು ಅದೇ ತಂತಿಯಲ್ಲಿ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಅಜ್ಜಿ ಹಲೋ ಅನ್ನಬಹುದಿತ್ತು. ಗಾಜಿನಲ್ಲಿ ಬೆಳಕು ಹೋಗುತ್ತದೆ, ಕರೆಂಟು ಹೋಗುವುದಿಲ್ಲ. ಆದ್ದರಿಂದ ಮೋಡೆಮ್ಮಿಗೆ ಇನ್ವರ್ಟರು, ಇನ್ವರ್ಟರಿಗೆ ಬ್ಯಾಟರಿ, ಬ್ಯಾಟರಿಗೆ ಸೋಲಾರು. ಇವೆಲ್ಲ ಸೇರಿಸಿ ನಿಮ್ಮ 399ರ ಪ್ಲಾನಿಗೆ ಒಂದು ಲೆಕ್ಕ ಬರೆಯಿರಿ ನೋಡೋಣ.

"ಫೋನಿನಲ್ಲೇ ಡೇಟಾ ಇದೆಯಲ್ಲ, ಮನೆಗೆ ಬೇರೆ ಏಕೆ?" ಅನ್ನುವವರುಂಟು. ಕಂಪನಿಗಳೂ ಅದನ್ನೇ ಅನ್ನುತ್ತವೆ. 2016ರಲ್ಲಿ ಜಿಯೋ ಬಂದ ಮೇಲೆ ಫೋನಿನ ಡೇಟಾ ನೀರಿಗಿಂತ ಅಗ್ಗವಾಯಿತು. 2024ರ ಕೊನೆಗೆ ದೇಶದಲ್ಲಿ ಮೊಬೈಲ್ ಬ್ರಾಡ್‌ಬ್ಯಾಂಡು 90 ಕೋಟಿಯ ಹತ್ತಿರ, ತಂತಿಯಲ್ಲಿ ಮನೆಗೆ ಬರುವುದು ಬರೀ 4 ಕೋಟಿಯ ಆಸುಪಾಸು. ಒಂದು ಟವರು ನಿಲ್ಲಿಸಿ ಊರಿಗೆಲ್ಲ ಮಾರುವ ಬದಲು ಒಂದೊಂದು ಮನೆಗೂ ದಾರ ಎಳೆಯಲು ಯಾರಿಗೆ ಹುಚ್ಚು? ಆದರೆ ಆ ಟವರಾದರೂ ಎಲ್ಲಿದೆ? 2020-21ರಲ್ಲಿ ಶಾಲೆಯೆಲ್ಲ ಫೋನಿನೊಳಗೆ ಹೋಯಿತಲ್ಲ, ಆಗ ನಮ್ಮ ಕಡೆಯ ಮಕ್ಕಳು ಗುಡ್ಡದ ತುದಿಯಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡು ಪಾಠ ಕೇಳಿದರು. ಸುಳ್ಯದ ಕಡೆ ರಸ್ತೆ ಬದಿಯಲ್ಲಿ ಮಗಳು ಪಾಠ ಕೇಳುತ್ತಿದ್ದರೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತ ಫೋಟೋ ದೇಶವೆಲ್ಲ ಸುತ್ತಿತು. ಆ ಫೋಟೋ ಸುತ್ತಿದ ವೇಗದಲ್ಲಿ ಕಾಲು ಭಾಗ ಅವರಿಗೆ ಸಿಕ್ಕಿದ್ದರೆ ಕೊಡೆಯೇ ಬೇಕಿರಲಿಲ್ಲ. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ನೋ ನೆಟ್‌ವರ್ಕ್, ನೋ ವೋಟಿಂಗ್ ಅಂತ ಜನ ಬೋರ್ಡು ಹಿಡಿದರು. ಲಿಂಗನಮಕ್ಕಿಗೆ ನೆಲ ಬಿಟ್ಟುಕೊಟ್ಟು ನಾಡಿಗೆಲ್ಲ ಕರೆಂಟು ಕೊಟ್ಟ ಶರಾವತಿ ಸೀಮೆಯವರು ಒಂದು ಮಿಸ್ಡ್ ಕಾಲ್ ಕೊಡಲು ಗುಡ್ಡ ಹತ್ತಬೇಕು ಅನ್ನುವುದಕ್ಕೆ ಹರಟೆಯಲ್ಲಿ ಜೋಕು ಹೊಸೆಯಲು ನನಗೆ ಬರುವುದಿಲ್ಲ.

ಕೊರೊನಾ ಕಾಲದಲ್ಲಿ ಊರಿಗೆ ಬಂದ ಸಾಫ್ಟ್‌ವೇರ್ ಮಕ್ಕಳಲ್ಲಿ ಕೆಲವರು ಇಲ್ಲೇ ಉಳಿದರು, ನಿಜ. ಉಳಿದವರು ಯಾರು ಅಂದರೆ ಹಸಿರು ದೀಪ ಇದ್ದ ಮನೆಯವರು. ಕೆಂಪು ದೀಪದ ಮನೆಯವರು ಮತ್ತೆ ಬಸ್ಸು ಹತ್ತಿದರು. ತೋಟದ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ ಅಂತ ಸಭೆ ಮೇಲೆ ಸಭೆ ಮಾಡುವ ಹಿರಿಯರಿಗೆ ನಾನು ಹೇಳುವುದಿಷ್ಟೇ: ಜಾತಕದ ಜೊತೆ ಒಂದು ಸ್ಪೀಡ್ ಟೆಸ್ಟಿನ ಪ್ರಿಂಟೂ ಕಳಿಸಿ.

ಅಮೆರಿಕದಲ್ಲಿರುವ ನಮ್ಮ ತಂಗಿಯ ಮಗನಿಗೆ ಇದನ್ನೆಲ್ಲ ಹೇಳಿದರೆ, ಅವನು ತಿಂಗಳಿಗೆ ಎಪ್ಪತ್ತು ಡಾಲರ್ ಕಟ್ಟಿಯೂ ಬೈದುಕೊಳ್ಳುತ್ತಾನೆ. ಅವರಲ್ಲೂ ಹಳ್ಳಿಗಳಿದ್ದಾವೆ, ಅವಕ್ಕೂ ಇಲ್ಲ. 2021ರ ನವೆಂಬರಿನಲ್ಲಿ ಅವರ ಸರಕಾರ ಇದಕ್ಕೆಂದು 42.45 ಬಿಲಿಯನ್ ಡಾಲರ್ ಎತ್ತಿಟ್ಟಿತು. 2024 ಮುಗಿದರೂ ಆ ದುಡ್ಡಿನಲ್ಲಿ ಒಂದೇ ಒಂದು ಮನೆಗೆ ಸಂಪರ್ಕ ಸಿಕ್ಕಿರಲಿಲ್ಲ. ಇದನ್ನು ಓದಿ ಭಾವ ಒಂದು ವಾರ ಉತ್ಸಾಹದಲ್ಲಿದ್ದ. "ನೋಡಿದ್ಯಾ, ನಮ್ಮವರು ಪೆಟ್ಟಿಗೆಯನ್ನಾದರೂ ತಂದಿಟ್ಟರು!" ಅಂತ.

ಈಗ ಅವನಿಗೆ ಹೊಸ ಭರವಸೆ ಆಕಾಶದಿಂದ. ಸ್ಟಾರ್‌ಲಿಂಕ್ ಕಂಪನಿಯ ಉಪಗ್ರಹ ಇಂಟರ್ನೆಟ್ಟು ಬರುತ್ತದೆ, ಅಂಗಳದಲ್ಲಿ ತಟ್ಟೆ ಇಟ್ಟರೆ ಆಯಿತು, ಮಂಗನ ಕಾಟವಿಲ್ಲ, ದಾಯಾದಿಯ ಹಂಗಿಲ್ಲ. ಅವರು 2021ರಲ್ಲೇ ಇಲ್ಲಿ 99 ಡಾಲರ್ ಮುಂಗಡ ತೆಗೆದುಕೊಂಡಿದ್ದರು. ಪರವಾನಗಿ ಇಲ್ಲದೆ ಹೀಗೆ ಮಾಡಬಾರದು ಅಂತ ಸರಕಾರ ಹೇಳಿದ ಮೇಲೆ ವಾಪಸು ಕೊಟ್ಟರು. ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದ್ದು 2025ರ ಜೂನಿನಲ್ಲಿ. ಆಕಾಶದಿಂದ ಬರುವುದಕ್ಕೂ ದೆಹಲಿಯ ದಣಪೆ ದಾಟಬೇಕು. ಅಡಿಕೆ ಮರದ ಕೆಳಗೆ ಆ ತಟ್ಟೆಗೆ ಆಕಾಶ ಕಾಣಬೇಕಾದರೆ ಎಷ್ಟು ಮರ ಕಡಿಯಬೇಕು ಅನ್ನುವುದನ್ನು ನಾನು ಭಾವನಿಗೆ ಇನ್ನೂ ಹೇಳಿಲ್ಲ.

ಆ 1,39,579 ಕೋಟಿಯ ಹೊಸ ಭಾರತ್‌ನೆಟ್ ಯೋಜನೆಯಲ್ಲಿ ಒಂದೆರಡು ಒಳ್ಳೆಯ ಸಂಗತಿಗಳಿವೆ, ಹೇಳದಿದ್ದರೆ ತಪ್ಪಾಗುತ್ತದೆ. ಕೇಬಲ್ಲನ್ನು ಉಂಗುರದ ಹಾಗೆ ಸುತ್ತಿಸಿ ತರುತ್ತಾರಂತೆ, ಒಂದು ಕಡೆ ಕಟ್ ಆದರೆ ಇನ್ನೊಂದು ಕಡೆಯಿಂದ ಬರುತ್ತದೆ. ಹತ್ತು ವರ್ಷದ ನಿರ್ವಹಣೆಯನ್ನೂ ಗುತ್ತಿಗೆಯಲ್ಲೇ ಸೇರಿಸಿದ್ದಾರೆ. ಎಲ್ಲಕ್ಕಿಂತ ಮುಖ್ಯ, ಪಂಚಾಯತಿ ಮಾತ್ರ ಲೆಕ್ಕ ಮಾಡುತ್ತಿದ್ದವರು ಈಗ ಮನೆಯನ್ನೂ ಲೆಕ್ಕ ಮಾಡಲು ಹೊರಟಿದ್ದಾರೆ: ಐದು ವರ್ಷದಲ್ಲಿ ಹಳ್ಳಿಗಳ ಒಂದೂವರೆ ಕೋಟಿ ಮನೆಗೆ ಫೈಬರ್. ಕೇಳಲು ದೊಡ್ಡ ಸಂಖ್ಯೆ. ಎರಡೂವರೆ ಲಕ್ಷ ಪಂಚಾಯತಿಗೆ ಭಾಗಿಸಿ ನೋಡಿ, ಪಂಚಾಯತಿಗೆ 60 ಮನೆ. ನಾಲ್ಕಾರು ಹಳ್ಳಿ ಸೇರಿದ ಪಂಚಾಯತಿಯಲ್ಲಿ ಆ ಅರವತ್ತು ಯಾರ ಮನೆ? ರಸ್ತೆ ಬದಿಯ ಅಂಗಡಿಸಾಲಿನವರದ್ದೇ ಆಗಿಬಿಟ್ಟರೆ ಯೋಜನೆ ಸಂಪೂರ್ಣ, ಕಣಿವೆಯವರು ಯಥಾಪ್ರಕಾರ.

ಆದ್ದರಿಂದ ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ವೇಗ ಎಷ್ಟು, ಪ್ಲಾನು ಎಷ್ಟು ಅಂತ ಕೇಳಬೇಡಿ, ಅದನ್ನು ಜಾಹೀರಾತಿನವರೇ ಹೇಳುತ್ತಾರೆ. ಪಿಡಿಒ ಹತ್ತಿರ ಎರಡೇ ಮಾತು ಕೇಳಿ: ನಮ್ಮ ಪಂಚಾಯತಿಯ ಅರವತ್ತು ಮನೆ ಯಾವುವು, ಕೇಬಲ್ ಕಟ್ ಆದರೆ ಬರುವವರು ಯಾರು. ಉತ್ತರ ಏನೇ ಬರಲಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿಕೊಂಡೇ ಎದ್ದು ಬನ್ನಿ.